‘ಹೋದೆ’ ಅನ್ನದ ಲೈನ್‌ಮನ್

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರುವ ಸಂಗತಿಯಲ್ಲಿ ತಪ್ಪು ಮಾಡಿದವಳು ನಾನು, ಬೈಸಿಕೊಂಡವರು ಇನ್ನೊಬ್ಬರು.

ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ, ಮೆಕ್ಕೆಜೋಳದ ಗೋದಾಮಿನ ಮಹಡಿಯ ಮೇಲೆ ನಮ್ಮ ಆಫೀಸು. ಮನೆಮನೆಗೆ ಫೈಬರ್ ಇಂಟರ್‌ನೆಟ್ಟು ಕೊಡುವುದು ನಮ್ಮ ಕೆಲಸ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಎಲ್ಲಿ ನೆಟ್ ಹೋದರೂ ಫೋನು ಬರುವುದು ನನ್ನ ಟೇಬಲ್ಲಿಗೆ. ಜೆಸಿಬಿ ಕಿತ್ತಿತು, ಇಲಿ ಕಡಿಯಿತು, ಮಂಗ ಜೋತುಬಿತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆದು ಬರೆದು ಸಾಕಾಗಿತ್ತು. ಕೋಡ್ ಬರೆಯದೆಯೇ ಆ್ಯಪ್ ಮಾಡಬಹುದು ಎಂದು ಯಾರೋ ಹೇಳಿದರು. ನಾನು ಓದಿದ್ದು ಬಿ.ಕಾಂ. ಆದರೂ ಕೂತು ಕಲಿತೆ. ನೋ-ಕೋಡ್ ಎಂದರೆ ಇಷ್ಟೇ: ಬೇಕಾದ ಡಬ್ಬಿಯನ್ನು ಪರದೆಯ ಮೇಲೆ ಎಳೆದು ತಂದು ಇಡುವುದು, ಅದಕ್ಕೊಂದು ಹೆಸರು ಬರೆಯುವುದು, ಇದನ್ನು ಒತ್ತಿದರೆ ಅದಾಗಲಿ ಎಂದು ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆಯುವುದು. ರಂಗೋಲಿಯ ಚುಕ್ಕಿ ಸೇರಿಸಿದ ಹಾಗೆ. ಎರಡು ವಾರದಲ್ಲಿ ದೂರಿನ ಆ್ಯಪ್ ತಯಾರಾಯಿತು. ನಾನು ಹಿಗ್ಗಿ ಹೀರೇಕಾಯಿಯಾದೆ.

ಲೈನ್‌ಮನ್ನುಗಳಿಗೆ ಅದರಲ್ಲಿ ಎರಡೇ ಬಟನ್ನು. ಮನೆ ಮುಟ್ಟಿದ ಕೂಡಲೇ ‘ಬಂದೆ’. ರಿಪೇರಿ ಮುಗಿಸಿ ಹೊರಡುವಾಗ ‘ಹೋದೆ’. ಹೋದೆ ಒತ್ತಿದರೆ ದೂರು ಮುಗಿಯಿತು ಎಂದು ಲೆಕ್ಕ. ಇದಕ್ಕಿಂತ ಸುಲಭ ಇನ್ನೇನು ಬೇಕು ಎಂದುಕೊಂಡಿದ್ದೆ.

ಕೊಟ್ಟೂರು ಲೈನಿನ ಕಾಕಾ ಮಾತ್ರ ಬಗ್ಗಲಿಲ್ಲ. ತಾಮ್ರದ ತಂತಿಯ ಟೆಲಿಫೋನಿನ ಕಾಲದಿಂದ ಕಂಬ ಹತ್ತಿದವರು ಅವರು. ಈ ಆಫೀಸಿಗೆ ನಾನು ಸೇರಿದ ದಿನ ಫೈಬರಿನ ಯಾವ ಎಳೆ ಎಲ್ಲಿಗೆ ಹೋಗುತ್ತದೆ ಎಂದು ತೋರಿಸಿಕೊಟ್ಟವರೂ ಅವರೇ. ಬಂದೆ ಒತ್ತುತ್ತಿದ್ದರು, ಹೋದೆ ಒತ್ತುತ್ತಿರಲಿಲ್ಲ. ಜನ ನೆಟ್ ಬಂತು ಎನ್ನುತ್ತಿದ್ದರು, ನನ್ನ ಪರದೆಯಲ್ಲಿ ನೋಡಿದರೆ ಕಾಕಾ ಇನ್ನೂ ಆ ಮನೆಯಲ್ಲೇ ಕೂತಿದ್ದರು. ಅದೂ ಏಕಕಾಲಕ್ಕೆ ಒಂಬತ್ತು ಮನೆಗಳಲ್ಲಿ.

ಫೋನು ಹಚ್ಚಿ ರೇಗಿದೆ. “ಒಂದು ಬಟನ್ ಒತ್ತಾಕ ಏನ್ ಕಷ್ಟರಿ ಕಾಕಾ ನಿಮಗ?”

“ಆ ಬಟನ್ನ ಸರಿ ಇಲ್ಲ ಯವ್ವಾ.”

“ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ,” ಎಂದೆ. ಅವರು ನಕ್ಕು ಸುಮ್ಮನಾದರು.

ಆದರೆ ಮಾಲೀಕರು ಸುಮ್ಮನಾಗಲಿಲ್ಲ. ನನ್ನ ಪರದೆ ನೋಡಿ, “ಈ ತಿಂಗಳು ಮುಗಿಯೋದ್ರೊಳಗೆ ಇವೆಲ್ಲ ಮುಗೀಲಿಲ್ಲ ಅಂದ್ರೆ ಕೊಟ್ಟೂರು ಲೈನು ಬೇರೆಯವ್ರಿಗೆ ಕೊಡ್ತೀನಿ. ಅವ್ರಿಗೆ ಹೇಳ್ಬಿಡಮ್ಮ,” ಎಂದರು. ತಿಂಗಳು ಮುಗಿಯಲು ನಾಲ್ಕೇ ದಿನ. ನಾನು ಮಾಡಿದ ಆ್ಯಪಿನಿಂದ ಕಾಕಾ ಕೆಲಸ ಕಳೆದುಕೊಳ್ಳುವುದೆಂದರೆ ಏನು? ಹೇಗಾದರೂ ಕಲಿಸಿಯೇ ಬರುತ್ತೇನೆಂದು ಮರುದಿನ ಬೆಳಿಗ್ಗೆ ಕೊಟ್ಟೂರು ಬಸ್ಸು ಹತ್ತಿದೆ.

ಅವತ್ತು ದೂರು ಬಂದದ್ದು ಕೊಟ್ಟೂರಿನ ಪಕ್ಕದ ಹಳ್ಳಿಯಿಂದ. ಕಾಕಾ ಬೈಕಿನ ಹಿಂದೆ ಕೂತು ನಾನೂ ಹೊರಟೆ. ಆ ಮನೆಯ ಮುಂದಿನ ಕಂಬದ ಮೇಲೆ ಅಳಿಲು ಎಳೆ ಕಡಿದಿತ್ತು. ಕಾಕಾ ಬಂದೆ ಒತ್ತಿ, ಹತ್ತಿ, ಬೆಸೆದು ಇಳಿದರು. ಮನೆಯೊಳಗಿನ ನೆಟ್ ಪೆಟ್ಟಿಗೆಯ ಕೆಂಪು ದೀಪ ಹಸಿರಾಯಿತು. ಮನೆಯ ಅಜ್ಜಿ ಚಾ ತರುತ್ತೇನೆಂದು ಒಳಗೆ ಹೋದಳು. ಹೊಸ್ತಿಲಲ್ಲಿ ನಿಂತು ಕಾಕಾ ಫೋನು ತೆಗೆದರು. ಹೆಬ್ಬೆರಳು ಹೋದೆ ತನಕ ಬಂತು, ನಿಂತಿತು, ಹಿಂದೆ ಸರಿಯಿತು. ಫೋನು ಜೇಬಿಗಿಳಿಯಿತು.

“ಒತ್ರಿ ಮತ್ತ,” ಎಂದೆ.

“ಮಂದಿ ಮನಿ ಹೊಸ್ತಿಲದಾಗ ನಿಂತು ಹೋದೆ ಅಂತ ಹೆಂಗ ಒತ್ಲಿ ಯವ್ವಾ? ಅದ್ರಾಗ ನಾನು ಕಂಬ ಹತ್ತಾಂವ. ನನ್ ಹೇಣ್ತಿ ಮುಂಜಾನಿ ನನ್ ಬಾಯಿಲೆ ‘ಬರ್ತೀನಿ’ ಅನಿಸಿಕೊಂಡ ಮ್ಯಾಲೇ ಬಾಗ್ಲ ಬಿಟ್ಟು ಸರೀತಾಳ. ಒಂದಿನ ಬಾಯಿ ತಪ್ಪಿ ಹೋಗ್ತೀನಿ ಅಂದಿದ್ದಕ್ಕ ಒಳಗ ಕರದು, ನೀರು ಕುಡಿಸಿ, ಮತ್ತ ಕಳಿಸಿದ್ಲು.”

“ಮೊದ್ಲೇ ಹೇಳಬಾರದಾಗಿತ್ತೇನ್ರಿ?”

“ಹೇಳಿದ್ನಲ್ಲಾ, ಬಟನ್ ಸರಿ ಇಲ್ಲಂತ.”

ನಾನೂ ದಿನಾ ಅವ್ವನಿಗೆ ಬರ್ತೀನಿ ಎಂದು ಹೇಳಿಯೇ ಮನೆ ಬಿಡುವವಳು. ‘ಹೋದರು’ ಎಂದರೆ ನಮ್ಮ ಕಡೆ ಅರ್ಥವೇ ಬೇರೆ. ಆ್ಯಪಿನ ಮಾದರಿಯಲ್ಲಿದ್ದ ಇಂಗ್ಲಿಷ್ ಪದವನ್ನು ಹಿಂದೆಮುಂದೆ ನೋಡದೆ ಕನ್ನಡಕ್ಕೆ ತಿರುಗಿಸಿ ಇಟ್ಟಿದ್ದೆ. ನೆಲ ನಿಜವಾಗಿಯೂ ಡೊಂಕಿತ್ತು, ಹಾಸಿದವಳು ನಾನು. ನಾಚಿಕೆಯಾಯಿತು.

ಅಲ್ಲೇ ಕಟ್ಟೆಯ ಮೇಲೆ ಕೂತು ಆ್ಯಪ್ ತೆರೆದೆ. ಹೋದೆ ಅಳಿಸಿದೆ, ಬರ್ತೀನಿ ಬರೆದೆ. ಶಾಲೆಯಲ್ಲಿ ಒಂದು, ಮನೆಯಲ್ಲಿ ಒಂದು ಹೆಸರಿರುವ ಮಗುವಿನ ಹಾಗೆ ಬಟನ್ನಿಗೂ ಒಳಗಿನ ಹೆಸರು ಬೇರೆ ಇರುತ್ತದೆ. ಎಳೆದ ಗೆರೆಗಳೆಲ್ಲ ಅದಕ್ಕೇ ಅಂಟಿಕೊಂಡಿರುವುದರಿಂದ ಅದನ್ನು ಮುಟ್ಟಲಿಲ್ಲ. ಅಜ್ಜಿ ತಂದ ಚಾ ಆರುವುದರೊಳಗೆ ಕೆಲಸ ಮುಗಿದಿತ್ತು. ಕಾಕಾ ಕನ್ನಡಕ ಏರಿಸಿಕೊಂಡು ಹಳೆಯ ದೂರುಗಳನ್ನೆಲ್ಲ ಒಂದೊಂದಾಗಿ ತೆಗೆದರು. “ಇಟ್ಟಿಗಿ ಮಾಸ್ತರ ಮನಿ, ಬರ್ತೀನಿ. ಹಿಟ್ಟಿನ ಗಿರಣಿ, ಬರ್ತೀನಿ.” ಒಂಬತ್ತೂ ಮನೆಯಿಂದ ಹೀಗೆ ಹೇಳಿ ಹೇಳಿಯೇ ಹೊರಬಂದರು.

ಯಾರು ಎಲ್ಲಿ ನಿಂತು ಬಟನ್ ಒತ್ತಿದರೆಂದು ಆ್ಯಪ್ ನಕಾಶೆಯಲ್ಲಿ ತೋರಿಸುತ್ತದೆ; ಆಫೀಸಿಗೆ ಮರಳಿ ಉಳಿದ ಲೈನ್‌ಮನ್ನುಗಳ ನಕಾಶೆ ತೆರೆದು ನೋಡಿದೆ. ಅವರು ಹೋದೆ ಒತ್ತಿದ ಜಾಗಗಳು ಪೆಟ್ರೋಲ್ ಬಂಕು, ಬೇವಿನ ಮರ, ಊರಾಚೆಯ ತಿರುವು. ಕೆಲಸ ಬಿಟ್ಟು ಅಲ್ಲಿ ಹರಟೆ ಹೊಡೆಯುತ್ತಾರೆಂದು ಅವರನ್ನೂ ಬೈದಿದ್ದೆ. ಹೊಸ್ತಿಲಲ್ಲಿ ನಿಂತು ಒತ್ತಿದವನು ಒಬ್ಬನೂ ಇರಲಿಲ್ಲ.

ತಿಂಗಳ ಕೊನೆಯ ದಿನ ಮಾಲೀಕರು ಪರದೆ ನೋಡಿ, “ಕೊಟ್ಟೂರು ಅವ್ರ ಹತ್ರನೇ ಇರ್ಲಿ ಬಿಡಮ್ಮ,” ಎಂದು ಕೆಳಗಿಳಿದರು. ಅವತ್ತು ನಾನು ಅನ್ನ ಎರಡು ಸಲ ಬಡಿಸಿಕೊಂಡು ಉಂಡೆ.

ಮರುವಾರ ಕಾಕಾನ ನಂಬರಿನಿಂದ ಫೋನು ಬಂತು. ಮಾತಾಡಿದ್ದು ಅವರ ಹೆಂಡತಿ.

“ನೀವು ಅವ್ರ ಫೋನಿನ್ಯಾಗ ಬರ್ತೀನಿ ಅಂತ ಹಾಕೀರಂತ. ಅವ್ರು ಅದನ್ನ ಒತ್ತಿದ್ರ ನನ್ ಫೋನಿಗೂ ಬರೋ ಹಂಗ ಮಾಡಾಕ ಆಕ್ಕೈತೇನ್ರಿ? ಕಂಬ ಇಳಿದಾರ ಅಂತ ಗೊತ್ತಾಕ್ಕೈತಿ, ಅಷ್ಟ.”

ಇನ್ನೊಂದು ಡಬ್ಬಿ, ಇನ್ನೊಂದು ಗೆರೆ, ಕೆಲಸ ಅಷ್ಟೇ ಇತ್ತು. ಆದರೂ ಕಣ್ಣು ಮಂಜಾಗಿ ಎರಡು ಸಲ ಗೆರೆ ತಪ್ಪಿತು. ಈಗ ಕೊಟ್ಟೂರಿನ ಆ ಮನೆಗೆ ದಿನಕ್ಕೆ ಏಳೆಂಟು ಸಲ ‘ಬರ್ತೀನಿ’ ಬರುತ್ತದೆ.