ಬಚ್ಚಲುಮನೆಗೆ ಬಂದ ಭರಚುಕ್ಕಿ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಆರ್.ಟಿ. ನಗರದಲ್ಲಿ ಅಣ್ಣ, ಅತ್ತಿಗೆಯ ಜೊತೆ ವಾಸ. ಮದುವೆ ಆಗಿರಲಿಲ್ಲ, ಫೋಟೋ ತೆಗೆಯುವ ಹುಚ್ಚೊಂದಿತ್ತು. ನೆಗೆಟಿವ್ ಮೂಲಕ ಕಾಗದದ ಮೇಲೆ ಬೆಳಕು ಬಿಟ್ಟು ಫೋಟೋ ದೊಡ್ಡದು ಮಾಡುವ, ಯಾರೋ ಬೇಡವೆಂದ ಹಳೆಯ ಎನ್ಲಾರ್ಜರ್ ತಂದು, ಭಾನುವಾರ ಎಲ್ಲರ ಸ್ನಾನ ಮುಗಿದ ಮೇಲೆ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಹಂಡೆಯ ಪಕ್ಕ ಮಣೆ ಜೋಡಿಸಿ, ಅಲ್ಲೇ ಪ್ರಿಂಟ್ ಹಾಕುತ್ತಿದ್ದೆ. ಒಗೆಯುವ ಬಟ್ಟೆ ಹೊರಗೆ ರಾಶಿ ಬಿದ್ದಿರುತ್ತಿತ್ತು. ಅತ್ತಿಗೆ ಗೊಣಗುತ್ತಿದ್ದರು, ಆದರೆ ಒಂದು ಸಲವೂ ಬಾಗಿಲು ಬಡಿದವರಲ್ಲ.

ಒಂದು ಮಳೆಗಾಲ ಗೆಳೆಯರ ಜೊತೆ ಶಿವನಸಮುದ್ರಕ್ಕೆ ಹೋಗಿ, ಭರಚುಕ್ಕಿ ಜಲಪಾತದ ಫೋಟೋ ತೆಗೆದುಕೊಂಡು ಬಂದೆ. ಅದರಲ್ಲಿ ನನಗೆ ಮೆಚ್ಚಿಗೆಯಾದದ್ದನ್ನು ದೊಡ್ಡದಾಗಿ ಪ್ರಿಂಟ್ ಹಾಕಿ, ಇನ್ನೂ ನೀರು ತೊಟ್ಟಿಕ್ಕುತ್ತಿದ್ದಾಗಲೇ ಹಾಲ್‌ಗೆ ತಂದು ತೋರಿಸಿದೆ.

"ಚೆನ್ನಾಗಿದೆ ಕಣೋ," ಎಂದ ಅಣ್ಣ. ಅವನು ನನ್ನ ಎಲ್ಲ ಫೋಟೋಗಳಿಗೂ ಅದನ್ನೇ ಹೇಳುತ್ತಿದ್ದ. ಅತ್ತಿಗೆ ಮಾತ್ರ ಸೆರಗಿಗೆ ಕೈ ಒರೆಸಿಕೊಂಡು, ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಇದೇನು, ಗೋಡೆಗೆ ಸುಣ್ಣ ಬಳಿದಂಗಿದೆ?"

"ಅದು ಫಾಲ್ಸ್ ಅತ್ತಿಗೆ. ನೀರು ಬೆಳ್ಳಗೇ ಇರತ್ತೆ."

"ಬೆಳ್ಳಗಿದ್ರೂ ಎಳೆ ಎಳೆಯಾಗಿರತ್ತೆ. ಬೀಳೋ ನೀರು ಇಂಗಿರಲ್ಲ. ಬಂಡೆಗೆ ತಾಗಿದ ಕಡೆ ಒಡೆದು ಪುಡಿ ಆಗತ್ತೆ. ಇಲ್ಲಿ ತಾಗೋದೂ ಕಾಣ್ತಿಲ್ಲ, ಒಡೆಯೋದೂ ಕಾಣ್ತಿಲ್ಲ. ಮೇಲೆ ಅಷ್ಟುದ್ದ ಆಕಾಶ ಬೇರೆ. ನೀನು ನೀರು ನೋಡಕ್ಕೆ ಓಗಿದ್ಯೋ, ಮೋಡ ನೋಡಕ್ಕೋ?"

ಅತ್ತಿಗೆ ಕೋಗಿಲು ಎಂಬ ಹಳ್ಳಿಯವರು. ಮಾತು ಬಿಸಿಯಾದಾಗ ಅವರ ಬಾಯಲ್ಲಿ ಹಕಾರ ಬಿದ್ದುಹೋಗುತ್ತಿತ್ತು. ನನಗೆ ಸಿಟ್ಟು ಬಂತು. "ನೀವು ಎಲ್ಲಿ ನೋಡಿದೀರ ಫಾಲ್ಸ್‌ನ?" ಎಂದು ಕೇಳಿದೆ.

"ಎಲ್ಲೂ ನೋಡಿಲ್ಲ. ನಮ್ಮೂರ ಕಡೆ ಕೆರೆ ಕೋಡಿ ಬಿದ್ರೆ ಊರಿಗೂರೇ ಓಗಿ ನಿಂತು ನೋಡ್ತಿತ್ತು. ನೀರು ಅಲ್ಲಾದ್ರೂ ಅದೇ, ಇಲ್ಲಾದ್ರೂ ಅದೇ."

"ಹಾಗಾದ್ರೆ ನೀವೇ ಬಂದು ಮಾಡಿ."

ಮುಂದಿನ ಭಾನುವಾರ ಅವರು ನಿಜಕ್ಕೂ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೆಂಪು ಬಲ್ಬಿನ ಮಂಕು ಬೆಳಕಿನಲ್ಲಿ ನನ್ನ ಪಕ್ಕ ನಿಂತರು. ಔಷಧಿ ನೀರಿನ ಟ್ರೇಯಲ್ಲಿದ್ದ ಬರೀ ಬಿಳಿ ಕಾಗದದ ಮೇಲೆ ಮೊದಲು ಬಂಡೆ, ಆಮೇಲೆ ಮರ ಮೂಡಿದಾಗ, "ಅಯ್ಯೋ, ತಾನಾಗೇ ಬರ್ತಿದೆ!" ಎಂದು ನನ್ನ ತೋಳು ಹಿಡಿದುಕೊಂಡರು. ಆ ಕ್ಷಣಕ್ಕೆ ನನ್ನ ಸಿಟ್ಟು ಪೂರ್ತಿ ಇಳಿದುಹೋಯಿತು.

ನಾನು ಕೆಲಸ ಹೇಳಿಕೊಟ್ಟೆ. ಬೆಳಕು ಹೆಚ್ಚು ಬಿದ್ದ ಕಡೆ ಕಾಗದ ಕಪ್ಪಾಗುತ್ತದೆ. ನೀರಿನ ಜಾಗಕ್ಕೆ ಸ್ವಲ್ಪ ಹೆಚ್ಚು ಬೆಳಕು ಕೊಟ್ಟರೆ ಅಡಗಿರುವ ಎಳೆಗಳು ಹೊರಬರುತ್ತವೆ. ಅಷ್ಟು ಹೊತ್ತು ಬಂಡೆಗಳನ್ನು ಕೈಯ ನೆರಳಿನಲ್ಲಿ ಕಾಪಾಡಬೇಕು, ಕೈ ನಿಲ್ಲಿಸದೆ ಆಡಿಸುತ್ತಿರಬೇಕು. ನನ್ನ ಕೈ ಒರಟು, ನೆರಳಿನ ಅಂಚು ಗೆರೆಯಂತೆ ಉಳಿದುಬಿಡುತ್ತಿತ್ತು. ಅತ್ತಿಗೆ ಬೆರಳುಗಳನ್ನು ಅಗಲಿಸಿ, ಕೂಡಿಸಿ, ಬೆಳಕಿನ ಕೆಳಗೆ ಆಡಿಸಿದರೆ ಎಲ್ಲಿ ಕೈ ಇತ್ತೆಂದು ಗೊತ್ತೇ ಆಗುತ್ತಿರಲಿಲ್ಲ. ಕಾಗದ ಹಲವು ಹಾಳಾದವು. ಕೊನೆಗೊಂದರಲ್ಲಿ ನೀರು ಎಳೆ ಬಿಟ್ಟುಕೊಂಡು ಇಳಿದು, ಬಂಡೆಗೆ ಬಡಿದು, ಹೊಗೆಯಂತೆ ಎದ್ದಿತು.

ಆಕಾಶದ ವಿಷಯಕ್ಕೆ ಜಗಳವೇ ಆಯಿತು. ನನಗೆ ಆ ಮೋಡಗಳೆಂದರೆ ಪ್ರಾಣ. ಅತ್ತಿಗೆ ಹಳೆಯ ಲಗ್ನಪತ್ರಿಕೆಯ ರಟ್ಟಿನ ತುಂಡನ್ನು ಫೋಟೋದ ಮೇಲೆ ಇಟ್ಟು, ಮೋಡ ಮುಚ್ಚುವವರೆಗೂ ಕೆಳಕ್ಕೆ ಸರಿಸಿದರು. "ಈಗ ನೋಡು." ನೋಡಿದೆ. ಜಲಪಾತ ಮೈಮೇಲೆ ಬರುವಂತಿತ್ತು. ಮನಸ್ಸಿಲ್ಲದ ಮನಸ್ಸಿನಿಂದ ಕತ್ತರಿಸಿದೆ.

ಕಾರ್ಖಾನೆಯಲ್ಲಿ ನಮ್ಮದೊಂದು ಫೋಟೋ ಬಳಗವಿತ್ತು. ತಿಂಗಳಿಗೊಮ್ಮೆ ಫೋಟೋಗಳನ್ನು ಗೋಡೆಗೆ ಒರಗಿಸಿಟ್ಟು, ಎಲ್ಲರೂ ತಪ್ಪು ಒಪ್ಪು ಹೇಳುತ್ತಿದ್ದರು. ಅದು ಮುಗಿಯುವವರೆಗೆ ಫೋಟೋ ತೆಗೆದವನು ಬಾಯಿ ಬಿಡುವಂತಿಲ್ಲ. ಎಂದೂ ಯಾರನ್ನೂ ಹೊಗಳದ ಹಿರಿಯರೊಬ್ಬರಿದ್ದರು. ಅವರು ಭರಚುಕ್ಕಿಯ ಮುಂದೆ ಬಗ್ಗಿ ನಿಂತು, "ಕೆಳಗಡೆ ಎಡಮೂಲೆ ಕಪ್ಪಾಗೋಗಿದೆ, ಅಲ್ಲೇನಿದೆ ಅಂತ ಗೊತ್ತಾಗಲ್ಲ," ಎಂದರು. ಆಮೇಲೆ, "ಆದ್ರೆ ಈ ಬಂಡೆ ಮೇಲೆ ಕಾಲಿಟ್ರೆ ಜಾರಿ ಬೀಳ್ತೀವಿ ಕಣ್ರೀ. ಅಷ್ಟು ಒದ್ದೆಯಾಗಿದೆ," ಎಂದರು. ಮಾತಾಡುವ ಸರದಿ ಬಂದಾಗ, ಪ್ರಿಂಟ್ ಹಾಕಿದ ಕೈ ನಮ್ಮ ಅತ್ತಿಗೆಯದು ಎಂದೆ. "ಹಾಗಾದ್ರೆ ನೀವ್ಯಾಕೆ ಒಬ್ರೇ ಬಂದಿದೀರ?" ಎಂದು ಅವರು ಗದರಿದರು.

ಮುಂದಿನ ತಿಂಗಳಿಂದ ಅತ್ತಿಗೆಯೂ ಬರತೊಡಗಿದರು. ಮೊದಲ ದಿನ ಜೊತೆಗೆ ಬಂದಿದ್ದ ಅಣ್ಣನ ಪಕ್ಕ ಮುದುರಿ ಕೂತಿದ್ದವರು, ಕೆಲವೇ ತಿಂಗಳಲ್ಲಿ ಆ ಹಿರಿಯರ ಜೊತೆಗೇ ವಾದಕ್ಕೆ ನಿಲ್ಲುವಷ್ಟು ಪಳಗಿದರು.

ಮರುವರ್ಷದ ಮಳೆಗಾಲದಲ್ಲಿ ಅಣ್ಣ ರಜೆ ಹಾಕಿ ನಮ್ಮಿಬ್ಬರನ್ನೂ ಶಿವನಸಮುದ್ರಕ್ಕೆ ಕರೆದುಕೊಂಡು ಹೋದ. ಅತ್ತಿಗೆ ಕತ್ತೆತ್ತಿ ಜಲಪಾತವನ್ನು ತುದಿಯಿಂದ ಬುಡದವರೆಗೂ ನೋಡಿದರು. ತುಂತುರು ಬಿದ್ದು ಮುಖವೆಲ್ಲ ಒದ್ದೆಯಾಗಿತ್ತು.

"ಆಕಾಶ ಕತ್ತರಿಸಬಾರದಾಗಿತ್ತು ಕಣೋ," ಎಂದರು ಕೊನೆಗೆ. "ಎಷ್ಟು ಎತ್ತರದಿಂದ ಬೀಳ್ತಿದೆ ಅನ್ನೋದೇ ಅದರಲ್ಲಿ ಓಗ್ಬಿಟ್ಟಿದೆ."

"ಈಗ ಹೇಳ್ತೀರಲ್ಲ! ನಂಗೆ ಆಕಾಶ ಇಲ್ದೇ ಇರೋದೇ ಇಷ್ಟ ಆಗೋಗಿದೆ."

ಅವರು ನಕ್ಕು ಕೈಚಾಚಿದರು. ಕ್ಯಾಮೆರಾ ಕೊಟ್ಟೆ. ಒಮ್ಮೆ ಕೂತು, ಒಮ್ಮೆ ನಿಂತು, ಒಮ್ಮೆ ಮರದ ಮರೆಗೆ ಸರಿದು ತೆಗೆದರು. ಅಣ್ಣ ತಲೆ ಬಾಚಿಕೊಂಡು, ಕೊಡೆ ಹಿಡಿದು, ತನ್ನ ಫೋಟೋಗೆಂದು ಬಂಡೆಯ ಮೇಲೆ ಕಾದು ಕೂತೇ ಇದ್ದ. ಅವನ ಸರದಿ ಬರುವಷ್ಟರಲ್ಲಿ ರೀಲು ಮುಗಿದಿತ್ತು.

ಆ ಭಾನುವಾರ ಬಚ್ಚಲುಮನೆಯಲ್ಲಿ ನಾವಿಬ್ಬರೂ ಪ್ರಿಂಟ್ ಹಾಕುತ್ತಿದ್ದಾಗ ಅಣ್ಣ ಕಾಫಿ ಲೋಟ ಹಿಡಿದು ಹೊರಗೆ ನಿಂತಿದ್ದ.

"ಒಂದರಲ್ಲೂ ನಾನಿಲ್ವಾ?"

"ಒಂದರಲ್ಲಿ ನಿಮ್ಮ ಕೊಡೆ ಬಂದಿದೆ ರೀ, ಮೂಲೇಲಿ," ಎಂದರು ಅತ್ತಿಗೆ. "ಬಾಗಿಲು ಮಾತ್ರ ತೆಗೀಬೇಡಿ!"

ಕೊಡೆಯನ್ನು ಕತ್ತರಿಸಿ ತೆಗೆಯಬೇಕೆಂದು ನಾನು ಹೇಳಿದೆ, ಬಳಗದ ಹಿರಿಯರೂ ಹೇಳಿದರು. ಅತ್ತಿಗೆ ಯಾರ ಮಾತನ್ನೂ ಕೇಳಲಿಲ್ಲ. ಕೊಡೆಸಮೇತ ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದರು. ಮನೆಗೆ ಬಂದವರಿಗೆಲ್ಲ ಅಣ್ಣ ಅದನ್ನು ತೋರಿಸಿ, "ಇದು ನಾನು," ಎನ್ನುತ್ತಿದ್ದ.