ಕೊನೆಯ ಮಾತಿನವರೆಗೂ ಬಾಳಬೇಕಾದ ಬ್ಯಾಟರಿ

ಬಿಳಿಗೆರೆಯ ಸದಾಶಿವಯ್ಯನವರ ತೆಂಗಿನ ತೋಟದಲ್ಲಿ ಇನ್ನೂ ಮಬ್ಬುಗತ್ತಲು. ಪಂಪ್‌ಮನೆಯ ಕಟ್ಟೆಯ ಮೇಲೆ ಚಿಕ್ಕಗೌರಮ್ಮ ಹಳೆಯ ಲ್ಯಾಪ್‌ಟಾಪ್ ತೆರೆದು, ಪರದೆಯ ಬೆಳಕನ್ನು ತಗ್ಗಿಸುತ್ತಾರೆ. ಎದುರಿಗೆ ಟವೆಲ್ ಹೊದ್ದು ಕೂತ ರೈತರು.

"ಕಾಣ್ತಿಲ್ಲ ಕಣವ್ವ, ಇನ್ನೊಸಿ ಬೆಳಕು ಬುಡು," ಎಂದು ಹಿಂದಿನಿಂದ ಹುಚ್ಚಣ್ಣ ಕೂಗುತ್ತಾರೆ.

"ನೀನೇ ಮುಂದಕ್ಕೆ ಬಾರಣ್ಣೋ. ಬೆಳಕು ಜಾಸ್ತಿ ಮಾಡಿದ್ರೆ ಬ್ಯಾಟ್ರಿ ತಿಂದಾಕ್ಬುಡ್ತದೆ!"

ಹುಚ್ಚಣ್ಣ ಗೊಣಗುತ್ತಲೇ ಎದ್ದು ಬರುತ್ತಾರೆ. ಈ ಅಮ್ಮನ ಮುಂದೆ ಯಾರ ಆಟವೂ ನಡೆಯುವುದಿಲ್ಲ ಬಿಡಿ.

ತೆಂಗಿಗೆ ನುಸಿ ಬಿದ್ದ ಮೇಲೆ ಬೆಳೆಗಾರರ ಸಂಘ ಚಿಕ್ಕಗೌರಮ್ಮನವರಿಗೆ ಈ ಕೆಲಸ ವಹಿಸಿದೆ. ದಿನಕ್ಕೊಂದು ತೋಟ. ಮೊಪೆಡ್ ಏರಿ ನೊಣವಿನಕೆರೆ, ಹಾಲ್ಕುರಿಕೆ ಎಂದು ಸುತ್ತಿ, ಮರದ ಬೇರಿಗೆ ಔಷಧಿ ಕಟ್ಟುವ ಮುಕ್ಕಾಲು ಗಂಟೆಯ ಸಿನಿಮಾ ತೋರಿಸುತ್ತಾರೆ. ತೋಟಕ್ಕೆ ಕರೆಂಟು ಬರುವ ಹೊತ್ತು ಆ ದೇವರಿಗೇ ಗೊತ್ತು. ಬಿಸಿಲೇರಿದರೆ ಪರದೆ ಕಾಣುವುದಿಲ್ಲ, ಬೆಳಕು ಏರಿಸಬೇಕಾಗುತ್ತದೆ. ಅದಕ್ಕೇ ಕೋಳಿ ಕೂಗುವ ಹೊತ್ತಿಗೆ ಮನೆ ಬಿಡುತ್ತಾರೆ.

ನಮ್ಮ ಸೀಮೆಯಲ್ಲಿ ಕೆಡಬಾರದ್ದೆಲ್ಲ ಅಟ್ಟಕ್ಕೆ ಹೋಗುತ್ತದೆ. ಕೆಳಗೆ ಒಲೆಯ ಕಾವು, ಮೇಲೆ ಕೊಬ್ಬರಿಯಾಗಲೆಂದು ಕಾದು ಕೂತ ಕಾಯಿ. ಲ್ಯಾಪ್‌ಟಾಪ್ ಬಂದ ಹೊಸತರಲ್ಲಿ ಚಿಕ್ಕಗೌರಮ್ಮ ಅದಕ್ಕೆ ಕಂಠಮಟ್ಟ ಚಾರ್ಜ್ ತುಂಬಿಸಿ, ಹಳೆ ಸೀರೆಯಲ್ಲಿ ಸುತ್ತಿ, ಅದೇ ಅಟ್ಟದಲ್ಲಿ ಇಡುತ್ತಿದ್ದರು. "ಕಾಯಿ ಒಣಗ್ದಂಗೆ ಬ್ಯಾಟ್ರೀನೂ ಒಣಗೋಯ್ತು ಕಣ್ರೀ," ಎಂದು ತಮ್ಮ ಪೆದ್ದುತನಕ್ಕೆ ತಾವೇ ನಕ್ಕುಬಿಡುತ್ತಾರೆ.

ಮುಂದಿನದಕ್ಕೆ ಮಾತ್ರ ನಗು ಬರುವುದಿಲ್ಲ. ಹೋದ ವರ್ಷ ಪಕ್ಕದೂರಿನಲ್ಲಿ, ಔಷಧಿ ಕಟ್ಟುವುದನ್ನು ತೋರಿಸಿ ಮುಗಿಸುವಷ್ಟರಲ್ಲಿ ಪರದೆ ಕಪ್ಪಾಯಿತು. ಉಳಿದದ್ದು ಕೊನೆಯ ಮಾತು: ಔಷಧಿಯ ವಿಷ ಕಾಯಿಗೂ ಏರುತ್ತದೆ, ಔಷಧಿ ಕೊಟ್ಟ ಮರದ ಎಳನೀರನ್ನು ಒಂದೂವರೆ ತಿಂಗಳು ಮುಟ್ಟಬಾರದು. ಇವರು ಕೂಗಿ ಹೇಳುವಷ್ಟರಲ್ಲಿ ಅರ್ಧ ಜನ ತೋಟ ದಾಟಿದ್ದರು. ವಾರ ಕಳೆದು ಅದೇ ಊರಿನ ಹಾಲಮ್ಮನ ಮನೆಗೆ ಹೋದರೆ, ಬಸುರಿ ಸೊಸೆಗೆಂದು ಔಷಧಿ ಕಟ್ಟಿದ ಮರದ್ದೇ ಎಳನೀರು ಕೆತ್ತುತ್ತಿದ್ದಾರೆ!

"ಕಿತ್ಕೊಂಡು ತಿಪ್ಪೆಗೆ ಸುರಿದೆ. ಅವತ್ತು ಊಟ ಸೇರ್ನಿಲ್ಲ," ಎನ್ನುತ್ತಾರೆ. ಅಂದೇ ಊರಿನ ಮನೆಮನೆಯ ಬಾಗಿಲು ಬಡಿದು ಹೇಳಿ ಬಂದರಂತೆ.

ಆಮೇಲೆ ಸಂಘದವರು ಹೇಗೋ ಇನ್ನೊಂದು ಬ್ಯಾಟರಿ ಹುಡುಕಿ ತಂದರು. ಆ ಮಾದರಿ ಈಗ ತಯಾರಾಗುವುದಿಲ್ಲ, ಮೂರನೆಯದು ಸಿಗದು. ತಿಪಟೂರಿನ ಕಂಪ್ಯೂಟರ್ ಅಂಗಡಿಯ ದಿನೇಶ್ ಲ್ಯಾಪ್‌ಟಾಪ್‌ಗೆ ಹಗುರವಾದ ಲಿನಕ್ಸ್ ವ್ಯವಸ್ಥೆ ಹಾಕಿ, ಚಾರ್ಜು ಶೇಕಡ ಎಂಬತ್ತಕ್ಕೆ ತಾನೇ ನಿಲ್ಲುವಂತೆ ಮಾಡಿ, ಬೇಡದ್ದನ್ನೆಲ್ಲ ಬಂದ್ ಮಾಡಿಟ್ಟರು. "ಹೊಟ್ಟೆ ಬಿರಿಯ ತುಂಬ್ಬೇಡಿ ಗೌರಕ್ಕ, ಪೂರ್ತಿ ಉಪವಾಸಾನೂ ಕೆಡವ್ಬೇಡಿ, ಕಾವಿಗಂತೂ ಇಡ್ಲೇಬೇಡಿ," ಎಂದರು. ಈಗ ಲ್ಯಾಪ್‌ಟಾಪ್ ಮಲಗುವುದು ನಡುಮನೆಯ ತಣ್ಣನೆಯ ಮೂಲೆಯಲ್ಲಿ. ಮನೆಯವರು ಯಾರೂ ಅದರ ತಂಟೆಗೆ ಹೋಗುವುದಿಲ್ಲ.

ತೋಟದಲ್ಲಿ ಸಿನಿಮಾ ಮುಗಿಯುತ್ತದೆ. ಹುಚ್ಚಣ್ಣ ಮತ್ತೆ ಬಾಯಿ ಬಿಡುತ್ತಾರೆ: "ಆ ಎಳ್ನೀರ್ ಇಚಾರ ಇನ್ನೊಂದ್ಸಲ ಹಾಕವ್ವ, ನಮ್ಮೋಳು ಈಗ ಬಂದ್ಲು."

ಚಿಕ್ಕಗೌರಮ್ಮ ಪರದೆಯ ಮೂಲೆ ನೋಡುತ್ತಾರೆ. ಇನ್ನೂ ಜೀವವಿದೆ. ಕೊನೆಯ ಭಾಗವನ್ನು ಮತ್ತೆ ಹಾಕುತ್ತಾರೆ.

ಏನು ಆಸೆ ನಿಮಗೆ ಎಂದರೆ, ಲ್ಯಾಪ್‌ಟಾಪ್ ಮಡಚುತ್ತಾ ಹೇಳುತ್ತಾರೆ: "ಉಳಿದ ಊರು ಮುಗಿಯೋಗಂಟ ಇದು ಬದುಕಿದ್ರೆ ಸಾಕು. ಟೆಂಟಿನಾಗೆ ಸಿನಿಮಾ ಅರ್ಧಕ್ಕೆ ನಿಂತ್ರೆ ಜನ ಬೈಕೊಂಡು ಹೋಯ್ತಾರೆ. ನಂದು ನಿಂತ್ರೆ ಯಾರೂ ಬೈಯಾಕಿಲ್ಲ ಕಣ್ರೀ, ಮನೆಗೋಗಿ ಎಳ್ನೀರು ಕೆತ್ತುತಾರೆ."