ಫಿಲ್ಟರಿನ ಮಡಿಕೆಯಲ್ಲಿ ಹೊಳೆದದ್ದು

ಹಲ್ಲು ಕೀಳಿಸಿಕೊಂಡು ಶಿರಸಿಯ ಅಕ್ಕನ ಮನೆಯಲ್ಲಿ ರಜೆಯ ಮೇಲಿದ್ದಾಗ, ಒಂದು ಬೆಳಿಗ್ಗೆ ಸಹೋದ್ಯೋಗಿಯ ಫೋನು ಬಂತು. ನಾವಿಬ್ಬರೂ ಒಂದು ಸಣ್ಣ ವಿಮಾನ ತರಬೇತಿ ಶಾಲೆಯಲ್ಲಿ ಇಂಜಿನ್ ನೋಡಿಕೊಳ್ಳುವವರು. ಹಾವೇರಿ ಕಡೆಯ ಅವನು ಎಂಥ ಸುದ್ದಿಯನ್ನೂ ನಿಧಾನವಾಗಿಯೇ ಹೇಳುತ್ತಾನೆ.

"ಮೇಡಂ, ಹಳೇ ವಿಮಾನದ ಆಯಿಲ್ ಫಿಲ್ಟರ್ ಕೊಯ್ದು ಬಿಚ್ಚೇನ್ರಿ. ಒಳಗ ಬಂಗಾರದ ಪುಡಿ ಉದುರಿಸಿದಂಗ ಹೊಳಿಯಾಕತ್ತೈತಿ."

"ಆಯಸ್ಕಾಂತ ಹಿಡಿದು ನೋಡಿದ್ಯಾ?"

"ಹಿಡದ್ನಿರಿ. ಒಂದೂ ಅಂಟವಲ್ದು."

ಅಂಟಿದ್ದರೆ ಉಕ್ಕು. ಆಗ ಇಂಜಿನ್ನಿನ ಆಯಸ್ಸು ಮುಗಿದಂತೆಯೇ. ಅಂಟದ ಲೋಹ ಬೇರೆ ಕಥೆ ಹೇಳುತ್ತದೆ, ಯಾವ ಕಥೆ ಎಂಬುದನ್ನು ನಾವೇ ಹುಡುಕಬೇಕು. ವಿಮಾನ ನೆಲದ ಮೇಲೇ ಇರಲಿ, ಅರ್ಧ ಚೂರುಗಳನ್ನು ಪ್ರಯೋಗಾಲಯಕ್ಕೆ ಕಳಿಸು, ಉಳಿದದ್ದನ್ನು ನನಗೆ ಕಳಿಸು ಎಂದೆ. ಮರುದಿನ ಮಧ್ಯಾಹ್ನ ಯಲ್ಲಾಪುರದ ಮೇಲಿಂದ ಬಂದ ಬಸ್ಸಿನ ಕಂಡಕ್ಟರ್ ಒಂದು ಸ್ಟೀಲ್ ಡಬ್ಬಿ ಕೈಗಿತ್ತರು.

ಊದಿದ ಕೆನ್ನೆಯಲ್ಲೇ ಜಗಲಿಯಲ್ಲಿ ಕೂತು ಚೂರುಗಳನ್ನು ಬಿಳಿ ಕಾಗದದ ಮೇಲೆ ಹರಡಿದೆ. ಒಂದೊಂದೂ ಸಾಸಿವೆ ಕಾಳಿನ ಸಿಪ್ಪೆಯಷ್ಟು. ಪಿಸ್ಟನ್ನನ್ನು ಹಿಡಿದು ಓಡಾಡುವ ಕನೆಕ್ಟಿಂಗ್ ರಾಡಿನ ತುದಿಯಲ್ಲಿರುವ ಬುಶ್, ಅಂದರೆ ಕಂಚಿನ ಬಳೆ, ಸವೆದಿರಬೇಕು ಎಂಬುದು ನನ್ನ ಊಹೆ. ಅಕ್ಕ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಎಂತದೇ ಇದು? ಬಂಗಾರದಂಗೆ ಕಾಣ್ತು. ನಮ್ಮ ಅಕ್ಕಸಾಲಿಗೆ ತೋರ್ಸ್ಕ್ಯಂಡು ಬಾ."

ಅವಳು ತಮಾಷೆಗೆ ಹೇಳಿದ್ದು. ಆದರೆ ಪ್ರಯೋಗಾಲಯದ ವರದಿಗೆ ವಾರ ಬೇಕಿತ್ತು, ನನಗೆ ಅಷ್ಟು ತಾಳ್ಮೆ ಇರಲಿಲ್ಲ.

ಅಕ್ಕಸಾಲಿ ನಮ್ಮ ಮನೆಯ ಬಳೆ, ಸರಗಳನ್ನೆಲ್ಲ ಮಾಡಿಕೊಟ್ಟ ಹಿರಿಯರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಚೂರನ್ನು ಚಿಮಟದಲ್ಲಿ ಎತ್ತಿದರು.

"ಚಿನ್ನ ಅಲ್ಲ ಇದು, ಮೊದಲೇ ಹೇಳ್ತೇನೆ."

"ಅಲ್ಲ ಅಂತ ಗೊತ್ತು. ಏನು ಅಂತ ಹೇಳಿ."

ಅವರು ಒಂದು ಹನಿ ಆಸಿಡ್ ಬಿಟ್ಟರು. ಸಣ್ಣ ಗುಳ್ಳೆಗಳೆದ್ದು ಹನಿ ಹಸಿರಾಯಿತು. "ತಾಮ್ರ ಅದೆ. ಹಿತ್ತಾಳೆಗಿಂತ ಗಟ್ಟಿ." ಇನ್ನೊಂದು ಚೂರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದು ಮುರಿದು ಬಿದ್ದದ್ದಲ್ಲ, ಉಜ್ಜಿ ಉಜ್ಜಿ ಎದ್ದದ್ದು. ಗೀರು ನೋಡಿ, ಎಲ್ಲ ನೇರ. ಎಲ್ಲಿದು?"

"ವಿಮಾನದ ಇಂಜಿನ್ ಒಳಗಿಂದು."

ಅವರು ಭೂತಗನ್ನಡಿ ತೆಗೆದರು. "ಹಾರ್ತಾ ಇತ್ತಾ ಹಂಗಾರೆ?"

"ಮೊನ್ನೆವರೆಗೂ."

ನನ್ನ ತಲೆ ಆಗಲೇ ಗೀರುಗಳ ಹಿಂದೆ ಓಡಿತ್ತು. ಬುಶ್ ಅತ್ತಿತ್ತ ತೂಗುತ್ತ ಉಜ್ಜುತ್ತದೆ, ಅದರ ಗೀರು ಬಾಗಿರಬೇಕು. ನೇರ ಗೀರೆಂದರೆ ಮೇಲೆ ಕೆಳಗೆ ಓಡಾಡುವ ವಸ್ತು. ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್ನಿಗೆ ಎರಡೂ ತುದಿಯಲ್ಲಿ ಕಂಚಿನಂಥ ಮಿಶ್ರಲೋಹದ ಬಿರಡೆಗಳಿರುತ್ತವೆ, ಸಿಲಿಂಡರಿನ ಗೋಡೆಗೆ ತಾಗಿಕೊಂಡೇ ಓಡುತ್ತವೆ. ಅಂಗಡಿಯ ಮೆಟ್ಟಿಲಲ್ಲೇ ನಿಂತು ಸಹೋದ್ಯೋಗಿಗೆ ಫೋನ್ ಮಾಡಿದೆ. "ಸಿಲಿಂಡರ್ ಒಳಗೆ ಕ್ಯಾಮೆರಾ ಇಳಿಸು. ಗೋಡೆ ಮೇಲೆ ಉದ್ದ ಗೆರೆ ಇದೆಯಾ ನೋಡು."

ಸಂಜೆ ಫೋಟೋ ಬಂತು. ಮೂರನೇ ಸಿಲಿಂಡರಿನಲ್ಲಿ, ಮೇಲಿಂದ ಕೆಳಗೆ, ಬೆರಳಗಲದ ಗೆರೆ. ಮರುದಿನ ಅವನು ಸಿಲಿಂಡರ್ ಬಿಚ್ಚಿದಾಗ ಒಂದು ಬಿರಡೆ ಓರೆಯಾಗಿ ಸವೆದಿತ್ತು. ಖುಷಿ ತಡೆಯಲಾರದೆ, ಅವನು ಕಳಿಸಿದ ಬಿರಡೆಯ ಚಿತ್ರವನ್ನು ಅಕ್ಕಸಾಲಿಗೆ ತೋರಿಸಲು ಹೋದೆ.

ಅವರು ಹೊಗಳಲಿಲ್ಲ. "ಒಂದೇ ಬದಿ ಯಾಕೆ ಸವೆದದ್ದು?" ಎಂದು ಕೇಳಿದರು.

ಬಿರಡೆ, ಸಿಲಿಂಡರ್ ಬದಲಿಸಿ ಮುಗಿಸುವುದೆಂದು ನಾನು ಆಗಲೇ ಲೆಕ್ಕ ಹಾಕಿಬಿಟ್ಟಿದ್ದೆ. ಒಂದೇ ಬದಿ ಸವೆಯಬೇಕಾದರೆ ಪಿನ್ನನ್ನು ಹಿಡಿದ ರಾಡೇ ಓರೆಯಾಗಿರಬೇಕು. ರಜೆ ಮುಗಿಸಿ ಹೋದವಳು ಮೊದಲು ಆ ಸಿಲಿಂಡರಿನ ಕನೆಕ್ಟಿಂಗ್ ರಾಡ್ ಅಳೆದೆ. ಕಣ್ಣಿಗೆ ಕಾಣದಷ್ಟು, ಆದರೆ ಅಳತೆಗೆ ಸಿಗುವಷ್ಟು ಬಾಗಿತ್ತು. ಸಹೋದ್ಯೋಗಿ ಅಳತೆಯನ್ನು ಎರಡು ಬಾರಿ ನೋಡಿ, "ಇದನ್ನ ಹಂಗ ಕಟ್ಟಿದ್ರ ಮತ್ತ ಸವೀತಿತ್ತರಿ" ಎಂದ. ಇಂಜಿನ್ನನ್ನು ಪೂರ್ತಿ ಇಳಿಸಿ, ಒಂದೊಂದು ಭಾಗವನ್ನೂ ಬಿಚ್ಚಿ ಕಟ್ಟುವ ಓವರ್‌ಹಾಲಿಗೆ ಕಳಿಸಿದೆವು.